ಹಲ್ಲಿಗೆ ಎರೆದ ಹಾಲು

ಡಾಕ್ಟರು ಆ ಗಡ್ಡೆಯನ್ನು ಹಾಗೇ ತೋರಿಸಿ, ಹಾಗೇ ಒಳಗೆ ಕೊಂಡುಹೋಗಿದ್ದರೆ ಸಾಕಿತ್ತು. ಇಷ್ಟು ವರ್ಷವಾದರೂ ನಾನು ಅದನ್ನೇ ಹೇಳುತ್ತೇನೆ. ನಮ್ಮ ಮನೆಯವಳು ಫಹಮೀದಾ, 'ಅದೇ ರಾಗ ಅದೇ ಹಾಡು, ಸಾಕು ಮಾಡ್ರೀ' ಅನ್ನುತ್ತಾಳೆ. ಹೇಗೆ ಸಾಕು ಮಾಡಲಿ? ಓದಿದ ಮನುಷ್ಯ, ಹೆಣ್ಣೊಂದರ ಹೊಟ್ಟೆ ಬಿಚ್ಚಿ ಪ್ರಾಣ ಉಳಿಸಿದ. ಆಮೇಲೆ ಅದೇ ಚಾಕು ಹಿಡಿದು ಜಗಲಿಗೆ ಬಂದು ಅವಳ ಬಾಳನ್ನೇ ಕೊಯ್ದ. ಇದಕ್ಕೆ ಕೋಪ ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು, ನೀವೇ ಹೇಳಿ.

ನಾನು ಜಬ್ಬಾರ್. ಸಕಲೇಶಪುರದ ಬಸ್ ಸ್ಟ್ಯಾಂಡಿನ ಎದುರು ಹಳೇ ಫೋರ್ಡ್ ಕಾರು ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುತ್ತಿದ್ದವನು. ಐವತ್ತೆಂಟನೇ ಇಸವಿಯಲ್ಲಿ ಈ ಕಡೆ ಬಾಡಿಗೆ ಕಾರು ಎಂದರೆ ಬಸುರಿಗೆ, ರೋಗಿಗೆ, ಮದುವೆ ಗಂಡಿಗೆ, ಇಲ್ಲವೇ ಹೆಣಕ್ಕೆ. ಯಾರನ್ನು ಹತ್ತಿಸಿಕೊಂಡರೂ ಹಿಂದಿನ ಸೀಟಿನ ಮಾತು ಮುಂದಿನ ಸೀಟಿಗೆ ಕೇಳಿಯೇ ಕೇಳುತ್ತದೆ. ಹಾಗಾಗಿ ಇದು ನನಗೆ ಯಾರೋ ಹೇಳಿದ ಕಥೆಯಲ್ಲ.

ಗಂಗಾಮಣಿ ಆಲೂರು ಕಡೆಯ ಕುಂದೂರಿನ ಹೆಣ್ಣು. ಹೆಗ್ಗದ್ದೆಯ ಗೌಡರ ಮನೆಗೆ ಕೊಟ್ಟಿದ್ದರು. ಗಂಡ ಕೆಂಚಪ್ಪ, ರಾಜಲಕ್ಷ್ಮಮ್ಮನವರ ಒಬ್ಬನೇ ಮಗ. ತಲೆಗೂದಲು ಮುಸುಕಿನ ಜೋಳದ ಕೂದಲಿನ ಹಾಗೆ ಕೆಂಚಗಿತ್ತು. ಹೆಸರು ಬಂದದ್ದೂ ಅದರಿಂದಲೇ. ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರಿಸುವಾಗ, ಆಳು ಹೆದರಿದನೆಂದು ತಾನೇ ಮರ ಹತ್ತಿ, ಕೊಂಬೆ ಸಮೇತ ಕೆಳಗೆ ಬಿದ್ದು ಹೋಗಿಬಿಟ್ಟ. ಮನೆಯ ಪಕ್ಕದ ತೋಟದಲ್ಲೇ ಮಣ್ಣು ಮಾಡಿದರು. ಉಳಿದದ್ದು ಅತ್ತೆ, ಸೊಸೆ, ಹೂವಿ ಎಂಬ ಪುಟ್ಟ ಹೆಣ್ಣುಕೂಸು.

ಅವನು ಸತ್ತು ವರ್ಷ ದಾಟಿದ ಮೇಲೆ ಗಂಗಾಮಣಿಯ ಹೊಟ್ಟೆ ಮುಂದಕ್ಕೆ ಬರತೊಡಗಿತು. ಊರಿಗೆ ಇನ್ನೇನು ಬೇಕು? ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿವಯ್ಯನ ಹೆಸರು ಎಳೆದರು. ಪಾಪ, ಅವನು ಒದೆ ಬೀಳುತ್ತದೆಂದು ಹೆದರಿ ಗಂಟುಮೂಟೆ ಕಟ್ಟಿ ಓಡಿದ. ಓಡಿದ ಮೇಲೆ ಊರಿಗೆ ಅನುಮಾನವೇ ಉಳಿಯಲಿಲ್ಲ. ರಾಜಲಕ್ಷ್ಮಮ್ಮ ಸೊಸೆಯನ್ನು ಉಟ್ಟ ಸೀರೆಯಲ್ಲಿ ಹೊರಗೆ ಹಾಕಿ, ಹೂವಿಯನ್ನು ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದರು. ಗಂಗಾಮಣಿ ಅಣ್ಣ ಲಕ್ಕಪ್ಪನ ಮನೆ ಸೇರಿದಳು.

ದೋಣಿಗಲ್ಲಿನ ದಿಣ್ಣೆಯ ಮೇಲೆ ಆಗ ತೋಟದವರು ಸೇರಿ ಕಟ್ಟಿಸಿದ ಒಂದು ಸಣ್ಣ ಆಸ್ಪತ್ರೆ ಇತ್ತು. ಈಗ ಇಲ್ಲ. ಅಲ್ಲಿನ ಡಾಕ್ಟರು ಏಕಾಂತಯ್ಯ. ಸುಳ್ಳು ಹೇಳಬಾರದು, ಬಂಗಾರದ ಕೈ. ಕಾಡುಹಂದಿ ತಿವಿದು ಕರುಳು ಹೊರಗೆ ಬಂದಿದ್ದ ತೋಟದ ಕೂಲಿ ಲೈನಿನ ಆಳನ್ನು ಬದುಕಿಸಿ ಮತ್ತೆ ಕೆಲಸಕ್ಕೆ ಕಳಿಸಿದವರು. ಆದರೆ ಅವರಿಗೊಂದು ಪದ್ಧತಿ ಇತ್ತು. ಹೊಟ್ಟೆಯಿಂದ ಏನು ತೆಗೆದರೂ ಅದನ್ನು ಬೇಸಿನ್ನಿನಲ್ಲಿಟ್ಟು ಜಗಲಿಗೆ ತಂದು ಮನೆಯವರಿಗೆ ತೋರಿಸುವುದು. ಹಿಂದೆ ಯಾರೋ, ಡಾಕ್ಟರು ಒಳಗಿನ ಒಳ್ಳೇ ಮಾಂಸವನ್ನೂ ಕೊಯ್ದು ಮಾರಿಕೊಳ್ಳುತ್ತಾರೆ ಎಂದು ಗುಲ್ಲೆಬ್ಬಿಸಿದ್ದರಂತೆ. ಅಂದಿನಿಂದ ಶುರುವಾದದ್ದು. ಕಲ್ಲಾದರೆ ಕಲ್ಲು, ಕರುಳಿನ ತುಂಡಾದರೆ ತುಂಡು. ತೋರಿಸುತ್ತಾ ತೋರಿಸುತ್ತಾ ಅವರಿಗೆ ಅದೇ ಚಟವಾಯಿತು. ಜನ ಬಾಯಿ ಬಿಟ್ಟು ನೋಡುವುದೆಂದರೆ ಅವರಿಗೆ ಬಲು ಇಷ್ಟ.

ಗಂಗಾಮಣಿಯನ್ನು ನಾನು ಮೊದಲು ನೋಡಿದ್ದು ಕುಂದೂರಿನಿಂದ ಆ ಆಸ್ಪತ್ರೆಗೆ ಕರೆತಂದ ದಿನ. ದಾರಿಯುದ್ದಕ್ಕೂ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದಳು. ಲಕ್ಕಪ್ಪ ನನ್ನ ಪಕ್ಕ. ಅವನಿಗೆ ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಎದೆಗಾರಿಕೆ ಸಾಲದೆ ನನ್ನನ್ನೂ ಒಳಗೆ ಎಳೆದುಕೊಂಡ. ಪರದೆಯ ಆಚೆ ಡಾಕ್ಟರು ಅವಳನ್ನು ನೋಡುತ್ತಿದ್ದರು. ಈಚೆ ನಾವಿಬ್ಬರೂ ಕಳ್ಳರ ಹಾಗೆ ನಿಂತಿದ್ದೆವು.

"ಮುಟ್ಟು ಆಗ್ತಾ ಇದೆಯೇನಮ್ಮಾ?"

"ಆಯ್ತಾ ಐತೆ ಸ್ವಾಮಿ. ಒಂದ್ ತಿಂಗ್ಳೂ ತಪ್ಪಿಲ್ಲ. ಅತ್ತೆಮ್ಮಂಗೂ ಅದ್ನೇ ಹೇಳ್ದೆ. ಬಟ್ಟೆ ತೋರ್ಸುದ್ರೆ, ಕೋಳಿ ರಕ್ತ ಹಚ್ಕಂಡು ಬಂದಿದ್ದೀಯ ಅಂದ್ರು."

ಲಕ್ಕಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರು ಮರದ ಕೊಳವೆಯೊಂದನ್ನು ಹೊಟ್ಟೆಗೆ ಇಟ್ಟು ಬಹಳ ಹೊತ್ತು ಕಿವಿಗೊಟ್ಟರಂತೆ. ಆಮೇಲೆ ಪರದೆ ಸರಿಸಿ ಹೊರಗೆ ಬಂದು ಕೈ ತೊಳೆಯುತ್ತಾ ಹೇಳಿದರು: "ಒಳಗೆ ಮಗುವಿನ ಎದೆ ಬಡಿತ ಇಲ್ಲ. ಆ ಕಡೆ ತಳ್ಳಿದರೆ ಆ ಕಡೆ ಹೋಗುತ್ತೆ, ಈ ಕಡೆ ತಳ್ಳಿದರೆ ಈ ಕಡೆ. ಬಸುರು ಹೀಗೆಲ್ಲಾ ಓಡಾಡೋದಿಲ್ಲ. ಹಾಸನಕ್ಕೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ."

ಹೋದೆವು, ತಂದೆವು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಯ್ಯಾ ಲಕ್ಕಪ್ಪ. ಮಗು ಆಗಿದ್ದರೆ ಇಷ್ಟು ದೊಡ್ಡ ಹೊಟ್ಟೆಗೆ ತಲೆಬುರುಡೆ ಕಾಣಬೇಕಿತ್ತು, ಬೆನ್ನುಮೂಳೆ ಕಾಣಬೇಕಿತ್ತು. ಎಲ್ಲಿದೆ? ಇಲ್ಲ. ನಿನ್ನ ತಂಗಿಗೆ ಗಡ್ಡೆ. ತೆಗೆದರೆ ಬದುಕುತ್ತಾಳೆ."

ಲಕ್ಕಪ್ಪ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. ತಂಗಿಗೆ ರೋಗ ಎಂದು ಕೇಳಿ ಯಾರಾದರೂ ಸಂತೋಷಕ್ಕೆ ಅಳುತ್ತಾರೆಯೇ? ಅತ್ತ. ನಾನು ಹಾಳೆಯನ್ನೇ ನೋಡುತ್ತಿದ್ದೆ. ಮಧ್ಯದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಬೆಳ್ಳಗೆ ಏನೋ ಕಂಡಿತು.

"ಅದೇನು ಸಾಹೇಬ್ರೇ, ಬಿಳೀ ಕಲ್ಲಿನ ಥರ?"

ಡಾಕ್ಟರು ನಕ್ಕರು. "ನೋಡ್ತಾ ಇರು ಜಬ್ಬಾರ್. ಆಪರೇಷನ್ ದಿನ ನಿಮಗೆಲ್ಲಾ ಒಂದು ತಮಾಷೆ ತೋರಿಸ್ತೀನಿ."

ತಮಾಷೆ! ಥೂ. ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಗಂಗಾಮಣಿಗೆ ಗಡ್ಡೆಯ ಚಿಂತೆಯಿರಲಿಲ್ಲ. ಕಾರು ಹತ್ತುವಾಗ ಅವಳು ಕೇಳಿದ್ದು ಒಂದೇ ಮಾತು. "ಅಣ್ಣಯ್ಯಾ, ಹಂಗಾರೆ ಹೂವಿನ ಕೊಡ್ತಾರಾ?" ನಾನು ಬಾಯಿ ಹಾಕಿದೆ. "ಕೊಡದೆ ಏನವ್ವಾ? ಬಸುರಲ್ಲ ಅಂದಮೇಲೆ ಯಾವ ಮುಖ ಇಟ್ಟುಕೊಂಡು ಇಟ್ಕೊಂತಾರೆ?" ಅವಳು ಮೊದಲ ಸಲ ಸೆರಗು ಸಡಿಲ ಬಿಟ್ಟು ಒರಗಿ ಕೂತಳು.

ಲಕ್ಕಪ್ಪನೂ ನಾನೂ ಹೆಗ್ಗದ್ದೆಗೆ ಹೋಗಿ ವಿಷಯ ತಿಳಿಸಿದೆವು. ರಾಜಲಕ್ಷ್ಮಮ್ಮ ಕಣದಲ್ಲಿ ಕೊನೇ ಕೊಯ್ಲಿನ ಕಾಫಿ ಹರಡಿಸುತ್ತಿದ್ದರು. ಗಟ್ಟಿ ಹೆಂಗಸು, ಗಂಡ ಸತ್ತರೂ ಮಗ ಸತ್ತರೂ ತೋಟದಲ್ಲಿ ಒಂದು ಗಿಡ ಒಣಗಲು ಬಿಟ್ಟವರಲ್ಲ. ಅವರ ಸೀರೆಯ ನೆರಿಗೆ ಹಿಡಿದು ಹೂವಿ ನಿಂತಿದ್ದಳು. ಲಕ್ಕಪ್ಪನನ್ನು ಕಂಡು, "ಮಾಮಾ, ಅವ್ವ ಎಲ್ಲಿ?" ಎಂದಳು. ಅಜ್ಜಿ ಅವಳ ಬಾಯಿ ಮುಚ್ಚಿದರು.

"ಡಾಕ್ಟ್ರು ಏನ್ ಬೇಕಾರೂ ಹೇಳ್ತಾರೆ," ಎಂದರು. "ಗಡ್ಡೆ ಅಂದ್ರೆ ಗಡ್ಡೇನ ನನ್ನ ಕಣ್ಣಿಗೆ ತೋರಿಸ್ಲಿ. ಪಟೇಲ ಸುಬ್ಬಯ್ಯನೂ ಬತ್ತಾನೆ. ನಮ್ಮಿಬ್ರ ಎದುರ್ಗೆ ಗಡ್ಡೆ ಬಿದ್ರೆ, ಮಾರನೇ ದಿನವೇ ಹೂವಿನ ಕೊಡ್ತೀನಿ. ಕೂಸು ಬಿದ್ರೆ, ನಿನ್ನ ತಂಗಿ ಈ ಮಗೀನ ಹೆಸ್ರು ಎತ್ಕೂಡ್ದು. ಒಪ್ಪಿಗೆನಾ?"

"ಒಪ್ಪಿಗೆ ಅಮ್ಮಾರೇ," ಎಂದ ಲಕ್ಕಪ್ಪ. ತೋರಿಸುವುದಂತೂ ಡಾಕ್ಟರ ಪದ್ಧತಿಯೇ ಆಗಿತ್ತಲ್ಲ. ನಾವಿಬ್ಬರೂ ಕಾರಿನಲ್ಲಿ ನಕ್ಕೊಂಡು ಬಂದೆವು. ದಾರಿಯ ತೋಟವೆಲ್ಲಾ ಹೂ ಬಿಟ್ಟು ಬೆಳ್ಳಗಿತ್ತು. ಲಕ್ಕಪ್ಪ ಬೀಡಿ ಹಚ್ಚಿ ಯಾವುದೋ ಸೋಬಾನೆ ಪದ ಗುನುಗಿದ.

ಆಪರೇಷನ್ನಿನ ದಿನ ನಾಲ್ಕು ಜನ ಜಗಲಿಯಲ್ಲಿ ಕಾದೆವು: ನಾನು, ಲಕ್ಕಪ್ಪ, ರಾಜಲಕ್ಷ್ಮಮ್ಮ, ಪಟೇಲ ಸುಬ್ಬಯ್ಯ. ಒಳಗಿನಿಂದ ಈಥರಿನ ವಾಸನೆ ಬರುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸುಬ್ಬಯ್ಯ ಮಾತ್ರ ಎಲೆ ಅಡಿಕೆ ಹಾಕುವುದು, ಎದ್ದು ಹೋಗಿ ಉಗಿಯುವುದು, ಮತ್ತೆ ಬಂದು ಕೂರುವುದು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರು ರಬ್ಬರ್ ಏಪ್ರನ್ನಿನಲ್ಲೇ ಬಂದರು, ಒಂದು ಕೈಯಲ್ಲಿ ಬಿಳೀ ಬೇಸಿನ್ನು, ಇನ್ನೊಂದರಲ್ಲಿ ಚಾಕು. ಜಗಲಿಯ ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದರು. "ನೋಡಿ ಅಮ್ಮಾ. ನಿಮ್ಮ ಸೊಸೆಯ ಹೊಟ್ಟೆಯೊಳಗಿದ್ದದ್ದು ಇದು. ಅವಳು ಚೆನ್ನಾಗಿದ್ದಾಳೆ."

ಸುಲಿದ ತೆಂಗಿನಕಾಯಿಗಿಂತ ದೊಡ್ಡದು. ಬೆಳ್ಳಗೆ, ನುಣ್ಣಗೆ, ಮೇಲೆ ನೀಲಿ ನರಗಳು. ಕೈಯಿಲ್ಲ, ಕಾಲಿಲ್ಲ, ಕಣ್ಣು ಮೂಗಿಲ್ಲ. ಕಂಡರೆ ಯಾರಿಗಾದರೂ ಗೊತ್ತಾಗುವಂಥ ಗಡ್ಡೆ.

ರಾಜಲಕ್ಷ್ಮಮ್ಮ ಸುತ್ತಲೂ ಬಗ್ಗಿ ಬಗ್ಗಿ ನೋಡಿದರು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಗಡ್ಡೆನೇ ಕಣೋ ಸುಬ್ಬಯ್ಯ," ಎಂದರು. "ಅಯ್ಯೋ, ನನ್ನ ನಾಲ್ಗೆ ಬಿದ್ದೋಗ! ಎಂಥೆಂಥಾ ಮಾತಾಡ್ಬುಟ್ಟೆ ಆ ಹೆಣ್ಣಿಗೆ. ಲಕ್ಕಪ್ಪ, ನಾಳೆನೇ ಬಂದು ಹೂವಿನ ಕರ್ಕಂಡು ಹೋಗಪ್ಪ, ಅವ್ವನ್ನ ನೋಡ್ಲಿ ಪಾಪ. ಗಂಗಾಮಣಿ ಎದ್ದು ಓಡಾಡಂಗಾದ್ಮೇಲೆ ಇಬ್ರೂ ಮನೆಗೇ ಬಂದ್ಬುಡ್ಲಿ."

ಲಕ್ಕಪ್ಪ ಆಕೆಯ ಕಾಲಿಗೆ ಬಿದ್ದ. ಯಾ ಅಲ್ಲಾ, ನಿನ್ನ ದಯೆ ದೊಡ್ಡದು ಎಂದು ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ಸುಬ್ಬಯ್ಯ ಕೂಡ, "ಆಯ್ತಲ್ಲ, ನಡೀರಿ ಮತ್ತೆ," ಎಂದು ಟವೆಲ್ ಕೊಡವಿ ಎದ್ದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದೇ ಹೋಗಿತ್ತು.

"ಇರಿ, ಇರಿ, ಎಲ್ಲಿಗೆ ಹೊರಟ್ರಿ?" ಎಂದರು ಡಾಕ್ಟರು. ಮುಖದಲ್ಲಿ ಜಾತ್ರೆಗೆ ಹೊರಟ ಹುಡುಗನ ಕಳೆ. "ಇದು ಮೇಲಿನ ಸಿಪ್ಪೆ ಮಾತ್ರ. ನನ್ನ ಸರ್ವೀಸಿನಲ್ಲೇ ಇಂಥದ್ದು ಮೊದಲನೆಯದು. ಒಳಗೆ ನೋಡಿ, ಒಳಗೆ!"

ಚಾಕು ಇಟ್ಟು ಒಂದೇ ಸಲಕ್ಕೆ ಸೀಳಿದರು.

ಹಳಸಿದ ಬೆಣ್ಣೆಯಂಥ ಜಿಡ್ಡು ಬಳಬಳ ಎಂದು ಹೊರಗೆ ಬಂತು. ಅದರೊಳಗೆ ಕೂದಲು. ಒಂದೆರಡು ಎಳೆಯಲ್ಲ, ಹಿಡಿ ತುಂಬ, ಸುತ್ತಿಕೊಂಡು ಕೂತ ಕೂದಲು. ಡಾಕ್ಟರು ಬೆರಳು ಹಾಕಿ ಎಳೆದರೆ ಗೇಣುದ್ದ ಬಂತು. ಬಣ್ಣ ಕೆಂಚಗೆ. ಬಟ್ಟೆಯಿಂದ ತಳ ಒರೆಸಿ ತೋರಿಸಿದರು. ಎಲುಬಿನ ಚೂರೊಂದಕ್ಕೆ ಅಂಟಿಕೊಂಡು ಮೂರು ಹಲ್ಲು. ಮನುಷ್ಯರ ಹಲ್ಲು.

"ಹೇಗಿದೆ?" ಎಂದರು ಡಾಕ್ಟರು. ನಮ್ಮ ಬಾಯಿಗಳೆಲ್ಲಾ ತೆರೆದಿದ್ದವು. ಅವರಿಗೆ ಬೇಕಿದ್ದದ್ದು ಅದೇ. "ಅಪರೂಪದ ಗಡ್ಡೆ ಇದು. ಹೆಣ್ಣು ಹುಟ್ಟುವಾಗಲೇ ಅಂಡಾಶಯದಲ್ಲಿ ಇದರ ಬೀಜ ಇರುತ್ತೆ. ಮದುವೆಯಾಗದ ಹುಡುಗಿಯರಿಗೂ ಬರುತ್ತೆ. ಚರ್ಮ, ಕೂದಲು, ಹಲ್ಲು ಎಲ್ಲಾ ತಾನಾಗೇ ಬೆಳೆಯುತ್ತೆ. ಮಗುವಲ್ಲ, ಗಂಡಸಿನ ಸಂಬಂಧವೇ ಬೇಕಿಲ್ಲ."

"ಹಲ್ಲು," ಎಂದರು ರಾಜಲಕ್ಷ್ಮಮ್ಮ.

"ಹೌದು, ಹಲ್ಲು."

"ಯಾರ್ದು ಸ್ವಾಮಿ ಈ ಹಲ್ಲು?"

"ಯಾರದು ಅಂದ್ರೆ? ಅವಳದೇ."

"ಅವ್ಳ ಹಲ್ಲು ಅವ್ಳ ಬಾಯಾಗೇ ಐತಲ್ಲ."

ಡಾಕ್ಟರು ಗಟ್ಟಿಯಾಗಿ ನಕ್ಕರು. ಒಳ್ಳೇ ಮಾತು ಹೇಳಿದಿರಿ ಎನ್ನುವ ಹಾಗೆ ನಕ್ಕರು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆದಳು. ಬೇಸಿನ್ನನ್ನು ಅಲ್ಲೇ ಬಿಟ್ಟು ಹೋದರು.

ರಾಜಲಕ್ಷ್ಮಮ್ಮ ಬೇಸಿನ್ನಿನೊಳಗೆ ಕೈ ಹಾಕಿದರು. ಕೂದಲಿನ ಒಂದು ಎಳೆಯನ್ನು ಎತ್ತಿ, ಜಿಡ್ಡು ಒರೆಸಿ, ಬೆಳಕಿಗೆ ಹಿಡಿದರು. ಆಕೆಯ ಮುಖದಲ್ಲಿ ಏನೋ ಒಡೆದದ್ದನ್ನು ನಾನು ಕಣ್ಣಾರೆ ಕಂಡೆ.

"ಸುಬ್ಬಯ್ಯ, ಕೂಸಿಗೆ ಹಲ್ಲು ಬರೋದು ಯಾವಾಗ?"

"ವರ್ಷ ತುಂಬೋ ಹೊತ್ಗೆ ಬತ್ತವಕ್ಕ."

"ಹಂಗಾರೆ ಇದು ನೆನ್ನೆ ಮೊನ್ನೆ ನಿಂತ ಬಸ್ರಲ್ಲ. ನನ್ನ ಮಗ ಇದ್ದಾಗ್ಲೇ ನಿಂತದ್ದು. ಅವ್ನು ಸತ್ತ ಸಂಕ್ಟಕ್ಕೆ ಹೊರಗ್ ಬರಕ್ಕೆ ಹೆದ್ರಿ ಒಳಗೇ ಮುದುಡ್ಕಂಡು ಬೆಳ್ದೈತೆ. ಕೂದ್ಲು ನೋಡೋ. ಈ ಕೂದ್ಲು ನಾನು ಎಣ್ಣೆ ಹಚ್ಚಿ ಬಾಚಿದ್ದಲ್ವಾ? ನನ್ನ ಕೆಂಚಪ್ಪನ ಕೂದ್ಲು ಕಣೋ ಇದು!"

"ಅಮ್ಮಾರೇ, ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ..." ಎಂದೆ ನಾನು.

"ಕೇಳಿಸ್ತು ಸಾಬ್ರೇ. ಗಂಡಸೇ ಬ್ಯಾಡ, ಹಲ್ಲು ಬೆಳೀತದೆ ಅಂದ್ರು. ನೀವು ನಂಬ್ತೀರಾ? ಎದೆ ಮುಟ್ಕಂಡು ಹೇಳಿ."

ಹಲ್ಲು ನನ್ನ ಕಣ್ಣ ಮುಂದೆಯೇ ಇತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರಮಾಣಿಸಿ ನೋಡುವ ವಿದ್ಯೆ ಇದ್ದವನು ಒಳಗೆ ರೋಗಿಯ ನಾಡಿ ನೋಡುತ್ತಿದ್ದ.

ಆಕೆ ಲಕ್ಕಪ್ಪನ ಕಡೆ ತಿರುಗಿದರು. "ನಿನ್ನ ತಂಗಿ ಹಾದ್ರ ಮಾಡಿಲ್ಲ ಕಣೋ. ನಾನೇ ಪಾಪಿ, ಇಲ್ಲದ್ದು ಹೊರಿಸ್ದೆ. ಆದ್ರೆ ಅದ್ಕಿಂತ ಹೆಚ್ಚಿಂದ ಮಾಡ್ಬುಟ್ಲು. ನನ್ನ ವಂಶದ ಕುಡೀನ ಕುಯ್ಯಿಸಿ ಹಾಕುದ್ಲು. ಹೆತ್ತಿದ್ರೆ ನಾನು ಸಾಕ್ತಿರ್ನಿಲ್ವಾ?"

ಲಕ್ಕಪ್ಪ ಇನ್ನೂ ಮೊಣಕಾಲಿನ ಧೂಳು ಒರೆಸಿಕೊಂಡಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಹೆಗ್ಗದ್ದೆಗೆ ಅವರನ್ನು ನಾನೇ ಬಿಟ್ಟು ಬಂದೆ. ಕನ್ನಡಿಯಲ್ಲಿ ನೋಡಿದರೆ, ರಾಜಲಕ್ಷ್ಮಮ್ಮ ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಎದೆಗೆ ಒತ್ತಿಕೊಂಡಿದ್ದರು. ಸದ್ದಿಲ್ಲದೆ ದಾರಿಯುದ್ದಕ್ಕೂ ಅತ್ತರು. ನನ್ನ ಕೋಪಕ್ಕೆ ಗತಿಯಿಲ್ಲದೆ ಹೋದದ್ದೇ ಅಲ್ಲಿ. ಪೂರ್ತಿ ಕೆಟ್ಟ ಹೆಂಗಸಾಗಿದ್ದರೆ ಬಾಯಿ ತುಂಬ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಆಸ್ಪತ್ರೆಗೆ ವಾಪಸು ಬಂದಾಗ ಡಾಕ್ಟರು ಆಯಾ ಮಾರಮ್ಮನ ಮೇಲೆ ಹಾರಾಡುತ್ತಿದ್ದರು. "ಮೂರು ಹಲ್ಲಿತ್ತು, ಎರಡೇ ಇದೆ! ಮೆಡಿಕಲ್ ಕಾಲೇಜಿನ ಮ್ಯೂಸಿಯಮ್ಮಿಗೆ ಕಳಿಸಬೇಕಾದ್ದು. ಗುಡಿಸಿ ಎಸೆದೆಯಾ?" ಮಾರಮ್ಮ ದೇವರಾಣೆ ಹಾಕುತ್ತಿದ್ದಳು. ಉಳಿದ ಎರಡು ಹಲ್ಲು, ಕೂದಲು, ಸಿಪ್ಪೆ ಎಲ್ಲಾ ಆಗಲೇ ಗಾಜಿನ ಜಾಡಿಯ ಔಷಧಿ ನೀರಿನಲ್ಲಿ ತೇಲುತ್ತಿದ್ದವು.

ಲಕ್ಕಪ್ಪ ಡಾಕ್ಟರ ಮುಂದೆ ಕೈ ಜೋಡಿಸಿ ನಿಂತ. "ಸ್ವಾಮಿ, ಒಂದ್ಸಲ ಹೆಗ್ಗದ್ದೆಗೆ ಬನ್ನಿ. ಊರ ಮುಂದೆ ನಿಂತ್ಕಂಡು ಅದು ಕೂಸಲ್ಲ ಅಂತ ಬುಡಿಸಿ ಹೇಳ್ಬುಡಿ. ನಮ್ಮ ಮಾತು ಯಾರೂ ಕೇಳಾಕಿಲ್ಲ."

"ಹೇಳಿದೆನಲ್ಲಯ್ಯಾ ಎದುರಿಗೇ. ಅರ್ಥವಾಗದಿದ್ದರೆ ನಾನೇನು ಮಾಡಲಿ? ಊರೂರು ತಿರುಗಿ ಹರಿಕಥೆ ಮಾಡಲಾ? ತಂಗಿ ಬದುಕಿದಳಲ್ಲ, ಕರೆದುಕೊಂಡು ಹೋಗು." ಜಾಡಿಯ ಮುಚ್ಚಳಕ್ಕೆ ಮೇಣ ಹಚ್ಚುವುದರಲ್ಲಿದ್ದರು. ತಲೆ ಎತ್ತಲಿಲ್ಲ.

ಗಂಗಾಮಣಿಗೆ ಪೂರ್ತಿ ಎಚ್ಚರವಾದಾಗ ನಾನು ವಾರ್ಡಿನ ಬಾಗಿಲಲ್ಲಿದ್ದೆ. ತುಟಿ ಒಣಗಿತ್ತು. "ಜಬ್ಬಾರಣ್ಣ, ಗಡ್ಡೆನೇ ತಾನೇ?"

"ಗಡ್ಡೆನೇ ಕಣವ್ವ."

"ಅತ್ತೆಮ್ಮ ನೋಡುದ್ರಾ?"

"ನೋಡಿದ್ರು."

ಅವಳು ನಕ್ಕಳು. ಹೊಲಿಗೆ ನೋಯುತ್ತದೆಂದು ನಗುವನ್ನು ಅರ್ಧಕ್ಕೇ ನಿಲ್ಲಿಸಿ ಹಾಗೇ ಕಣ್ಣು ಮುಚ್ಚಿದಳು.

ಉಳಿದದ್ದನ್ನು ಹೊಲಿಗೆ ಬಿಚ್ಚಿದ ಮೇಲೆ ಲಕ್ಕಪ್ಪನೇ ಹೇಳಿದ. ಅವಳು ಮೊದಲು ನಂಬಲಿಲ್ಲ. ನಾಲಿಗೆಯಿಂದ ತನ್ನ ಹಲ್ಲುಗಳನ್ನು ಒಂದೊಂದಾಗಿ ಸವರಿ ನೋಡಿಕೊಂಡಳು. ಆಮೇಲೆ ಯೋಚಿಸಿ ಹೇಳಿದಳು: "ಹೆಂಗಾರ ಆಗ್ಲಿ ಅಣ್ಣಯ್ಯಾ. ನಾನು ಕೆಟ್ಟೋಳಲ್ಲ ಅಂತ ಅವ್ರ ಬಾಯಿಂದ್ಲೇ ಬಂತಲ್ಲ. ಇನ್ನು ಹೂವಿನ ಯಾಕೆ ಕೊಡಾಕಿಲ್ಲ? ನಡೀರಿ, ಹೆಗ್ಗದ್ದೆಗೇ ಹೋಗನ."

ಹೆಣ್ಣಿನ ಆಸೆ ನೋಡಿ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದ ಹಾಗೆ.

ಬಿಡುಗಡೆಯಾದ ದಿನ ಆಸ್ಪತ್ರೆಯಿಂದ ನೇರ ಹೆಗ್ಗದ್ದೆಗೆ ಹೋದೆವು. ಅವಳು ಹಗುರವಾಗಿ ಕಾಣುತ್ತಿದ್ದಳು. ಸಕಲೇಶಪುರದಲ್ಲಿ ನಿಲ್ಲಿಸಿ ಹೂವಿಗೆಂದು ಕೆಂಪು ರಿಬ್ಬನ್ನು ಕೊಳ್ಳಬೇಕೆಂದಳು, ಕೊಂಡಳು. ದಾರಿಯಲ್ಲೆಲ್ಲಾ ಅದನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು.

ಮನೆಯ ಮುಂದೆ ಜನ ಇದ್ದರು. ಲಕ್ಕಪ್ಪ ಬರುವುದಾಗಿ ಹೇಳಿಕಳಿಸಿದ್ದನಲ್ಲ, ರಾಜಲಕ್ಷ್ಮಮ್ಮ ಊರನ್ನೇ ಸೇರಿಸಿದ್ದರು. ಸುಬ್ಬಯ್ಯ ಚಾಪೆ ಹಾಕಿಕೊಂಡು ಕೂತಿದ್ದ. ತೋಟದ ಅಂಚಿನಲ್ಲಿ ಕೆಂಚಪ್ಪನ ಸಮಾಧಿ. ಅದರ ಮಗ್ಗುಲಲ್ಲಿ ಹೊಸದಾಗಿ, ಮೊಳದುದ್ದದ ಒಂದು ಮಣ್ಣಿನ ದಿಬ್ಬ, ಮೇಲೆ ಒಂದು ಗುಂಡುಕಲ್ಲು, ಒಣಗಿದ ಕಣಗಿಲೆ ಹೂ. ಏನೆಂದು ನಾನು ಕೇಳಬೇಕಾಗಲಿಲ್ಲ. ಸೆರಗಿನ ಗಂಟಿನಲ್ಲಿ ಬಂದದ್ದು ಅಲ್ಲಿತ್ತು. ಒಂದು ಹಲ್ಲನ್ನು ಹೂತು, ಸತ್ತವರಿಗೆ ಮಾಡುವ ಹಾಗೇ ಮೂರನೇ ದಿನ ಹಾಲು ತುಪ್ಪ ಬಿಟ್ಟು, ಊರಿಗೆ ಊಟ ಹಾಕಿದ್ದರು. ಅದಕ್ಕೆ ಅಪ್ಪ ಕೆಂಚಪ್ಪನ ಹೆಸರನ್ನೇ ಇಟ್ಟಿದ್ದರಂತೆ.

"ಹೂವೀ!" ಎಂದು ಗಂಗಾಮಣಿ ಓಡಿದಳು. ಹೂವಿ ಅಜ್ಜಿಯ ಹಿಂದೆ ಸರಿದಳು. ಆದರೂ ಕಣ್ಣು ಅವ್ವನ ಮೇಲೇ ಇತ್ತು, ರಿಬ್ಬನ್ನಿನ ಮೇಲೂ ಇತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬಂದೇ ಬಿಡುತ್ತಿದ್ದಳು.

ರಾಜಲಕ್ಷ್ಮಮ್ಮ ಮುಂದೆ ಬಂದರು. "ಎಲ್ರೂ ಕೇಳಿ. ಇವ್ಳು ಕೆಟ್ಟೋಳಲ್ಲ. ನನ್ನ ಮಗನ ಹೆಂಡ್ತಿ, ಈ ಮನೆ ಸೊಸೆ. ನಾನು ಆಡಿದ್ದು ತಪ್ಪು, ತಪ್ಪು, ತಪ್ಪು." ಕೆನ್ನೆ ಬಡಿದುಕೊಂಡರು. ಗಂಗಾಮಣಿಯ ಕಣ್ಣಲ್ಲಿ ನೀರು ಬಂತು. "ಇನ್ನು ಅವ್ಳು ಮಾಡಿದ್ದಕ್ಕೆ ಅವ್ಳು ತಪ್ಪು ಒಪ್ಕಬೇಕು." ಸಮಾಧಿಯ ಪಕ್ಕ ಇಟ್ಟಿದ್ದ ಹಾಲಿನ ಚೊಂಬು ತೋರಿಸಿದರು. "ಆ ಕಲ್ಲಿನ ಮೇಲೆ ಹಾಲು ಬುಡು. 'ನಿನ್ನ ಕುಯ್ಯಿಸಿ ಕೊಂದೋಳು ನಾನೇ ಮಗಾ, ತಪ್ಪಾಯ್ತು' ಅನ್ನು. ಅಂದ್ರೆ ಒಳಗೆ ಬಾ, ಮನೆ ನಿಂದು, ಮಗ್ಳು ನಿನ್ನೋಳು. ಅನ್ನಾಕಿಲ್ಲ ಅಂದ್ರೆ ಬಂದ ದಾರಿ ಹಿಡಿ. ಹೊಟ್ಟೇಲಿರೋದ್ನ ಕೊಂದು ಒಪ್ಕಳ್ದೇ ಇರೋಳ ಕೈಗೆ ನಾನು ಹೂವಿನ ಕೊಡಾಕಿಲ್ಲ."

"ಅಮ್ಮಾರೇ, ಅದು ಕೂಸಲ್ಲಾ!" ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ದೀರಿ, ಸುಬ್ಬಯ್ಯನೋರೂ ಕೇಳಿದಾರೆ. ಬದುಕಿರೋ ಮಗು ಎದುರಿಗೆ ಇಂಥಾ ಮಾತು ಆಡಿಸ್ತೀರಾ? ದೇವರು ಮೆಚ್ಚುತ್ತಾನಾ?"

"ಸಾಬ್ರೇ, ನಿಮ್ಮ ಗಾಡಿ ನೋಡ್ಕಳಿ," ಎಂದ ಸುಬ್ಬಯ್ಯ. "ಇದು ನಮ್ಮ ಮನೆ ಮಾತು."

ಲಕ್ಕಪ್ಪ ತಂಗಿಯ ತೋಳು ಹಿಡಿದ. "ಬ್ಯಾಡ ಕಣೇ. ಸುಳ್ಳು ಒಪ್ಕಬ್ಯಾಡ. ನಡಿ, ನನ್ನ ಮನೆಗೆ ಹೋಗನ."

ಗಂಗಾಮಣಿ ಅವನ ಮುಖ ನೋಡಿದಳು. ಹೂವಿಯ ಮುಖ ನೋಡಿದಳು. "ಒಂದ್ ಮಾತಲ್ವಾ ಅಣ್ಣಯ್ಯಾ," ಎಂದಳು. "ಎಷ್ಟೋ ಮಾತು ಕೇಳಿವ್ನಿ. ಒಂದು ನಾನೇ ಆಡ್ತೀನಿ."

ತೋಳು ಬಿಡಿಸಿಕೊಂಡು ಹೋಗಿ ದಿಬ್ಬದ ಮುಂದೆ ಕೂತಳು. ಹೊಲಿಗೆಯ ನೋವಿಗೆ ಪೂರ್ತಿ ಬಗ್ಗಲಾರದೆ ಒಂದು ಕೈ ನೆಲಕ್ಕೆ ಊರಿದಳು. ಚೊಂಬು ಎತ್ತಿ ಕಲ್ಲಿನ ಮೇಲೆ ಹಾಲು ಸುರಿದಳು.

"ನಿನ್ನ ಕುಯ್ಯಿಸಿ ಕೊಂದೋಳು ನಾನೇ ಮಗಾ. ತಪ್ಪಾಯ್ತು."

"ಗಟ್ಟಿಯಾಗಿ," ಎಂದರು ರಾಜಲಕ್ಷ್ಮಮ್ಮ. "ಎಲ್ರಿಗೂ ಕೇಳ್ಲಿ."

"ನಿನ್ನ ಕುಯ್ಯಿಸಿ ಕೊಂದೋಳು ನಾನೇ ಮಗಾ!" ಎಂದು ಗಂಗಾಮಣಿ ಕೂಗಿದಳು. ಊರೆಲ್ಲಾ ಕೇಳಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ರಾಜಲಕ್ಷ್ಮಮ್ಮ ಮಾತಿಗೆ ತಪ್ಪಲಿಲ್ಲ. ಅದನ್ನಂತೂ ಹೇಳಬೇಕು. ಸೊಸೆಯನ್ನು ತಾವೇ ಕೈ ಹಿಡಿದು ಎಬ್ಬಿಸಿದರು, ತಬ್ಬಿಕೊಂಡು ಅತ್ತರು. ಆಮೇಲೆ ಹೂವಿಯನ್ನು ಬೆನ್ನು ಹಿಡಿದು ಮುಂದಕ್ಕೆ ತಳ್ಳಿದರು. "ಹೋಗು ಮಗಾ. ನಿಮ್ಮವ್ವನ ತಾವಕ್ಕೆ ಹೋಗು."

ಗಂಗಾಮಣಿ ಮಂಡಿಯೂರಿ ಎರಡೂ ಕೈ ಚಾಚಿದಳು. ಒಂದು ಬೆರಳಿಗೆ ರಿಬ್ಬನ್ನು ಸುತ್ತಿಕೊಂಡೇ ಇತ್ತು.

ಅವ್ವ ತಮ್ಮನನ್ನು ಕುಯ್ಯಿಸಿದಳೆಂದು ಇಷ್ಟು ದಿನ ಅಜ್ಜಿ ಹೇಳಿದ್ದನ್ನು ಹೂವಿ ಅರ್ಧ ನಂಬಿದ್ದಳೋ ಏನೋ. ಈಗ ಅವ್ವನ ಬಾಯಿಂದಲೇ ಕೇಳಿಬಿಟ್ಟಿದ್ದಳು. ಚಿಟ್ಟನೆ ಚೀರಿ, ತಿರುಗಿ, ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದಳು. ಎರಡೂ ಕೈಯಿಂದ ತನ್ನ ಪುಟ್ಟ ಹೊಟ್ಟೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಬ್ಯಾಡ ಅಜ್ಜೀ, ನಾ ಹೋಗಾಕಿಲ್ಲ. ಅವ್ವ ನನ್ನೂ ಕುಯ್ಯುಸ್ತಾಳೆ."